ಒಳ್ಳೆ ಜೀನ್, ಕೆಟ್ಟ ಜೀನ್ ಅಂತ ಇದೆಯಾ?
ಒಂದೇ ವೈರಸ್ ಒಬ್ಬರನ್ನು ಹಾಸಿಗೆ ಹಿಡಿಸುತ್ತದೆ, ಇನ್ನೊಬ್ಬರ ಮೈಯಲ್ಲಿ ಸುಮ್ನೆ ಇರುತ್ತದೆ, ಇದರಲ್ಲಿ ರೋಗನಿರೋಧಕ ಜೀನ್‌ಗಳ ಪಾಲೂ ಇದೆ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಒಪ್ಪಿದೆ. ಆದರೆ ಜೀನ್‌ಗಳನ್ನು ಒಳ್ಳೆಯದು, ಕೆಟ್ಟದ್ದು ಅಂತ ಅದರಲ್ಲಿ ಭಾಗ ಮಾಡಿದ್ದು ಸರಿ ಕಾಣಲಿಲ್ಲ.

ಎಚ್‌ಎಲ್‌ಎ-ಬಿ*57:01 ಅನ್ನೋ ಜೀನ್ ನೋಡಿ. ಸೋಂಕು ತಗುಲಿದ ಜೀವಕೋಶ ವೈರಸ್ಸಿನ ಚೂರುಗಳನ್ನು ಮೇಲ್ಮೈಗೆ ತಂದು ಟಿ-ಕೋಶಗಳಿಗೆ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೆ) ತೋರಿಸುತ್ತದೆ ಅಲ್ವಾ, ಹಾಗೆ ತೋರಿಸುವ ಪ್ರೋಟೀನನ್ನು ಮಾಡುವ ಜೀನಿನ ಒಂದು ಬಗೆ ಇದು. ಇದಿರುವ ಕೆಲವರಲ್ಲಿ ಎಚ್‌ಐವಿ ಔಷಧಿಯೇ ಇಲ್ಲದೆ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ. ತಮಾಷೆ ಏನಂದ್ರೆ, ಅದೇ ಎಚ್‌ಐವಿಗೆ ಕೊಡುವ ಅಬಕಾವಿರ್ ಮಾತ್ರೆ ಇಂಥವರಲ್ಲೇ ಹಲವರಿಗೆ ಆಗಿಬರುವುದಿಲ್ಲ. ಜ್ವರ, ದದ್ದು, ಒಮ್ಮೊಮ್ಮೆ ಜೀವಕ್ಕೇ ಅಪಾಯ. ಅದಕ್ಕೇ ಮಾತ್ರೆ ಶುರು ಮಾಡುವ ಮೊದಲು ಈ ಜೀನ್ ಪರೀಕ್ಷೆ ಮಾಡಿಸುತ್ತಾರೆ.