ಕಾರ್ಡ್ ಹಂಚಿದರೆ ಸಾಲದು

ಚರ್ಚ್ ಪೂಜೆಯ ಪ್ರಾರ್ಥನೆಗಳ ಅನುವಾದ ಬದಲಾದಾಗ ಹೊಸ ಪುಸ್ತಕ ತರಿಸಿ, ಒಂದು ಭಾನುವಾರ ಪ್ರಕಟಣೆ ಓದಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನಿಸುವುದಿಲ್ಲ. 2011ರ ನವೆಂಬರ್ 27ರಂದು ಅಮೆರಿಕದ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಇಂಗ್ಲಿಷ್ ಬಲಿಪೂಜೆಯ (ಮಾಸ್) ಹೊಸ ಅನುವಾದ ಜಾರಿಗೆ ಬಂದಾಗ ನಾನು ಅಲ್ಲೇ ಇದ್ದೆ. ಪಾದ್ರಿಯ ಶುಭಾಶಯಕ್ಕೆ ಉತ್ತರವಾಗಿ ಸುಮಾರು ನಲವತ್ತು ವರ್ಷ ‘ಆ್ಯಂಡ್ ಆಲ್ಸೋ ವಿತ್ ಯು’ (ನಿಮ್ಮೊಂದಿಗೂ) ಎಂದ ನಾಲಿಗೆ ಒಂದೇ ದಿನದಲ್ಲಿ ‘ಆ್ಯಂಡ್ ವಿತ್ ಯುವರ್ ಸ್ಪಿರಿಟ್’ಗೆ (ನಿಮ್ಮ ಆತ್ಮದೊಂದಿಗೂ) ಹೊರಳುತ್ತದೆಯೇ? ಹೊಸ ಮಾತುಗಳನ್ನು ಮುದ್ರಿಸಿದ ಕಾರ್ಡ್ ಕೈಯಲ್ಲಿದ್ದರೂ ವಯಸ್ಸಾದವರು ಹಳೆಯದನ್ನೇ ಹೇಳಿ, ಮುಜುಗರದಿಂದ ಸುಮ್ಮನಾಗುತ್ತಿದ್ದರು. ನೋಡಿ ತುಂಬಾ ಬೇಸರವಾಗುತ್ತಿತ್ತು.

ಅಲ್ಲಿನ ನಮ್ಮ ಚರ್ಚ್‌ನಲ್ಲಿ ಜಾಸ್ತಿ ನೆರವಾಗಿದ್ದು ಹಾಡು. ಹಾಡುವ ಭಾಗಗಳನ್ನು ಸೆಪ್ಟೆಂಬರ್‌ನಿಂದಲೇ ಬಳಸಲು ಅವಕಾಶವಿತ್ತು. ರಾಗದ ಜೊತೆ ಕಲಿತ ‘ಗ್ಲೋರಿಯಾ’ ಸ್ತುತಿಗೀತೆ ಬೇಗ ಬಾಯಿಗೆ ಬಂತು. ಪೂಜೆಗೆ ಮೊದಲು ಹತ್ತು ನಿಮಿಷ ಅಭ್ಯಾಸವನ್ನೂ ಮಾಡಿಸುತ್ತಿದ್ದರು.

ಕಾರಣವನ್ನೂ ಹೇಳಬೇಕು. ‘ಸ್ಪಿರಿಟ್’ ಲ್ಯಾಟಿನ್ ಮೂಲದಲ್ಲೇ ಇದೆ, ಸ್ಪ್ಯಾನಿಷ್ ಪೂಜೆಯಲ್ಲಿ ಆಗಲೇ ಹಾಗೆ ಹೇಳುತ್ತಿದ್ದಾರೆ ಎಂದು ಫಾದರ್ ವಿವರಿಸಿದ ಮೇಲೆ ಗೊಣಗಾಟ ಎಷ್ಟೋ ಕಡಿಮೆಯಾಯಿತು. ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣದಲ್ಲಿ, ಯೇಸು ಮತ್ತು ತಂದೆಯಾದ ದೇವರು ಒಂದೇ ಸ್ವರೂಪದವರು ಎನ್ನುವ ‘ಕಾನ್‌ಸಬ್‌ಸ್ಟಾನ್ಷಿಯಲ್’ ಪದ ಮಾತ್ರ ನನಗೆ ಇಂದಿಗೂ ಭಾರ. ಹಳೆಯ ‘ಒನ್ ಇನ್ ಬೀಯಿಂಗ್’ ಮಕ್ಕಳ ಬಾಯಿಗೂ ಸುಲಭವಾಗಿತ್ತು, ಅಲ್ವಾ?