ಡೌನ್‌ಲೋಡ್ ಬಟನ್ ಎಲ್ಲಿ ಹೋಯಿತು ಸ್ವಾಮಿ?

ಸ್ವಯಂಸೇವಕರು ನಡೆಸುವ ಮುಕ್ತ ತಂತ್ರಾಂಶ ಯೋಜನೆಗಳಿಗೆ ಎರಡು-ಮೂರು ವರ್ಷಕ್ಕೊಮ್ಮೆ ಒಂದು ಜ್ವರ ಬರುತ್ತದೆ. "ನಮ್ಮ ವೆಬ್‌ಸೈಟ್ ತೀರಾ ಹಳೇದಾಯ್ತು" ಎಂಬ ಕನವರಿಕೆಯಿಂದ ಶುರು. ತಂತ್ರಾಂಶದೊಳಗೆ ವರ್ಷಗಟ್ಟಲೆ ಕೊಳೆಯುತ್ತಿರುವ ಬಗ್‌ಗಳನ್ನು ಕಂಡು ಯಾರಿಗೂ ಮೈ ಬಿಸಿಯಾಗುವುದಿಲ್ಲ. ಬಗ್ ಸರಿಪಡಿಸಲು ಕೋಡ್ ಓದಬೇಕು. ವೆಬ್‌ಸೈಟ್ ಬಗ್ಗೆ ಮಾತಾಡಲು ಎರಡು ಕಣ್ಣಿದ್ದರೆ ಸಾಕು.

1999ರಲ್ಲಿ ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಮಂದಿ, ಇಷ್ಟು ಹೊತ್ತು ಕಾಯಿ ಎಂದು ಕಂಪ್ಯೂಟರಿಗೆ ಹೇಳುವ 'ಸ್ಲೀಪ್' ಆದೇಶ ಸೆಕೆಂಡಿನ ಭಾಗಗಳನ್ನೂ ಒಪ್ಪಬೇಕೇ ಬೇಡವೇ ಎಂದು ಜಗ್ಗಾಡಿದಾಗ, ಅವರಲ್ಲೊಬ್ಬರಾದ ಪೌಲ್-ಹೆನ್ನಿಂಗ್ ಕಾಂಪ್ ರೋಸಿಹೋಗಿ ಸೈಕಲ್ ಶೆಡ್ಡಿನ ಹಳೇ ಉಪಮೆ ಎತ್ತಿದರು. ಅಣುಸ್ಥಾವರದ ಚರ್ಚೆಯಲ್ಲಿ ತೆಪ್ಪಗಿದ್ದವರೆಲ್ಲ, ಶೆಡ್ಡಿಗೆ ಯಾವ ಬಣ್ಣ ಎಂದ ಕೂಡಲೇ ಬಾಯಿ ತೆರೆಯುತ್ತಾರೆ. ವೆಬ್‌ಸೈಟಿನ ಮಟ್ಟಿಗೆ ಉಪಮೆಯೂ ಬೇಕಿಲ್ಲ, ಸಾಕ್ಷಾತ್ ಬಣ್ಣದ್ದೇ ಜಗಳ. ವಾರಗಟ್ಟಲೆ ಕಿತ್ತಾಡಿ ಕೊನೆಗೆ ಬಿಳಿ ಹಿನ್ನೆಲೆಯ ಮೇಲೆ #999999 ಎಂಬ ಸಂಕೇತದ ತಿಳಿ ಬೂದು ಅಕ್ಷರ ಗೆಲ್ಲುತ್ತದೆ. ಅದರ ಕಾಂಟ್ರಾಸ್ಟ್, ಅಂದರೆ ಹಿನ್ನೆಲೆಗೂ ಅಕ್ಷರಕ್ಕೂ ಇರುವ ಹೊಳಪಿನ ಅನುಪಾತ, ಸುಮಾರು 2.85ಕ್ಕೆ 1. ವೆಬ್‌ಪುಟ ಎಲ್ಲರಿಗೂ ಓದಲು ಬರುವಂತಿರಬೇಕು ಎನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5ಕ್ಕೆ 1. ಇನ್ನೂ ಗಾಢವಾದ #767676 ಬೂದು ಇಟ್ಟಿದ್ದರೆ ಕೂದಲೆಳೆಯಲ್ಲಿ ಪಾಸು. ಆದರೆ ಅದು ಕಣ್ಣಿಗೆ ಭಾರವಂತೆ. ಓದಲಾಗದಿದ್ದರೇನು, ಹಗುರವಾಗಿದೆಯಲ್ಲ!

ಇನ್ನು ಉಪಕರಣದ ಆಯ್ಕೆ. ಬೇಕಿರುವುದು ಆರು ಬಗೆಯ ಪುಟ: ಮುಖಪುಟ, ಡೌನ್‌ಲೋಡ್, ಕೈಪಿಡಿ, ಸುದ್ದಿ, ಕೈಜೋಡಿಸುವುದು ಹೇಗೆ, ಸಂಪರ್ಕ. ಹಳೇ ಸೈಟ್ ಇರುವುದು, ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಪಠ್ಯ ಫೈಲ್‌ಗಳಿಂದ ವೆಬ್‌ಪುಟ ಕಟ್ಟಿಕೊಡುವ ಜೆಕಿಲ್‌ನಲ್ಲಿ. ಅದು 2008ರದ್ದು, ಅಂದರೆ ಪುರಾತತ್ವ ಇಲಾಖೆಗೆ ಸೇರಿದ್ದು. ಹಾಗಾಗಿ ಅದೇ ಕೆಲಸದ ಇನ್ನೊಂದು ಉಪಕರಣ ಹ್ಯೂಗೋಗೆ ಹೋಗೋಣ. "ಮಾರ್ಕ್‌ಡೌನ್ ತಾನೇ, ಫೈಲ್‌ಗಳನ್ನು ಎತ್ತಿ ಆಚೆ ಇಟ್ಟರಾಯಿತು, ಒಂದು ಸಂಜೆಯ ಕೆಲಸ" ಎಂದು ಯಾರೋ ಹೇಳುತ್ತಾರೆ. ಇಂಥ ಮಾತು ಆಡುವವರ ಹೆಸರು ಕೆಲಸದ ಪಟ್ಟಿಯಲ್ಲಿ ಮುಂದೆಂದೂ ಕಾಣಿಸುವುದಿಲ್ಲ.

ಫೈಲ್ ಎತ್ತಿ ಇಟ್ಟಾಗ ಆಗುವುದು ಇಷ್ಟು. ಜೆಕಿಲ್‌ಗಾಗಿ ಪುಟದೊಳಗೆ ಬರೆದ ಲಿಕ್ವಿಡ್ ಟ್ಯಾಗ್ ಎಂಬ ಸೂಚನೆ ಹ್ಯೂಗೋಗೆ ಅರ್ಥವಾಗದು. ಪುಟದ ನಡುವೆ ಆವರಣ ಚಿಹ್ನೆ, ಶೇಕಡಾ ಗುರುತು ಸಮೇತ ಹಾಗೇ ಅಚ್ಚಾಗುತ್ತದೆ. ಇದು ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ಮಾರ್ಕ್‌ಡೌನ್ ನಡುವೆ ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆದ ಕೋಷ್ಟಕಗಳದ್ದು ಬೇರೆ ಕಥೆ. ಹ್ಯೂಗೋದೊಳಗೆ ಮಾರ್ಕ್‌ಡೌನನ್ನು ಪುಟವಾಗಿಸುವ ಗೋಲ್ಡ್‌ಮಾರ್ಕ್, 'ಅನ್‌ಸೇಫ್' ಎಂಬ ಸೆಟ್ಟಿಂಗ್ ಒಪ್ಪದ ಹೊರತು ಅಂಥದ್ದನ್ನು ಪುಟದಿಂದ ಎತ್ತಿಹಾಕುತ್ತದೆ. ಬಿಲ್ಡ್, ಅಂದರೆ ಸೈಟ್ ಕಟ್ಟುವ ಕೆಲಸ, ಮಾತ್ರ ಹಸಿರು: ಎಲ್ಲ ಸರಿ ಎಂದೇ ವರದಿ. ಯಾವ ಆವೃತ್ತಿ ಯಾವ ಆಪರೇಟಿಂಗ್ ಸಿಸ್ಟಂಗೆ ಎಂಬ ಕೋಷ್ಟಕ ಮಾಯವಾಗಿದ್ದು ತಿಂಗಳಾದ ಮೇಲೆ ಗೊತ್ತಾಗುತ್ತದೆ. ಮ್ಯಾಕ್‌ನಲ್ಲಿ ಚೆಂದ ಕಾಣುತ್ತಿದ್ದ ಲಾಂಛನ ಲಿನಕ್ಸ್ ಸರ್ವರ್‌ಗೆ ಹೋದೊಡನೆ ಕಾಣೆ. ಫೈಲಿನ ಹೆಸರು ದೊಡ್ಡಕ್ಷರದಲ್ಲಿ, ಲಿಂಕ್ ಚಿಕ್ಕಕ್ಷರದಲ್ಲಿ. ಮ್ಯಾಕ್ ಉದಾರಿ, ಲಿನಕ್ಸ್ ಕಟ್ಟುನಿಟ್ಟು.

ಅನುವಾದಕರ ಪಾಡು ಕೇಳುವವರೇ ಇಲ್ಲ. ಇಂಗ್ಲಿಷ್ ವಾಕ್ಯವೊಂದಕ್ಕೆ ಪೂರ್ಣವಿರಾಮ ಸೇರಿಸಿದರೂ ಅನುವಾದ ನಿಭಾಯಿಸುವ ಗೆಟ್‌ಟೆಕ್ಸ್ಟ್ ಹಳೇ ಅನುವಾದಕ್ಕೆ 'ಫಜಿ' (ಅನುಮಾನಾಸ್ಪದ) ಎಂದು ಮುದ್ರೆ ಒತ್ತಿ ಬದಿಗಿಡುತ್ತದೆ. ಮುಖಪುಟದ ಮಾತನ್ನು "ಇನ್ನಷ್ಟು ಚುರುಕು" ಮಾಡಿದ ಪುಣ್ಯಾತ್ಮರು ಒಂದೇ ಏಟಿಗೆ ಅಷ್ಟೂ ಭಾಷೆಗಳನ್ನು ಇಂಗ್ಲಿಷ್ ಮಾಡಿ ಮುಗಿಸಿರುತ್ತಾರೆ.

ಆದರೆ ಮಹಾಪರ್ವ ಇರುವುದು ವಿಳಾಸಗಳಲ್ಲಿ. ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ, ಒಮ್ಮೆ ಕೊಟ್ಟ ವಿಳಾಸ ಬದಲಿಸಬೇಡಿ ಎಂದು 1998ರಲ್ಲೇ ಹೇಳಿದ್ದರು. ಜೆಕಿಲ್ ಸುದ್ದಿಯ ವಿಳಾಸದಲ್ಲಿ ವರ್ಷ, ತಿಂಗಳು, ದಿನ ಇಡುತ್ತದೆ. ಹ್ಯೂಗೋ ತಾನಾಗಿ ಇಡುವುದಿಲ್ಲ. ವಿಳಾಸದ ರೂಪ ನಿಗದಿಮಾಡುವ ಪರ್ಮಾಲಿಂಕ್ ಸೆಟ್ಟಿಂಗ್‌ನ ಒಂದೆರಡು ಸಾಲು ಬರೆದರೆ ಹಳೇ ವಿಳಾಸ ಉಳಿಯುತ್ತದೆ. ಅದನ್ನು ಬರೆಯುವುದಿಲ್ಲ, ಯಾಕೆಂದರೆ ಹೊಸ ವಿಳಾಸ "ಕ್ಲೀನ್" ಆಗಿದೆ. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ಮರುನಿರ್ದೇಶನದ ಪಟ್ಟಿ ಮಾಡೋಣ ಎಂದರೆ, ಸೈಟ್ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಅಂಥ ಪಟ್ಟಿಗೆ ಜಾಗವಿಲ್ಲ. ಕೈಪಿಡಿಯ ಉಪಶೀರ್ಷಿಕೆಗೆ ನೇರ ಒಯ್ಯುವ ಲಿಂಕ್‌ಗಳಂತೂ ದೇವರಿಗೇ ಪ್ರೀತಿ: ಹ್ಯಾಷ್ ಗುರುತಿನ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಸರ್ವರ್ ಏನನ್ನು ತಿರುಗಿಸೀತು?

ಆಗ ಒಬ್ಬ ಮೇಧಾವಿ ಹೋಸ್ಟಿಂಗ್ ಬದಲಿಸಿ, "ಸಿಗದ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿಬಿಡಿ" ಎನ್ನುತ್ತಾರೆ. 'ಪುಟ ಸಿಗಲಿಲ್ಲ' ಎನ್ನುವ 404 ಒಂದೂ ಇಲ್ಲ, ಎಲ್ಲರಿಗೂ ಖುಷಿ. ಇತ್ತ ಜನರ ಕಂಪ್ಯೂಟರಿನಲ್ಲಿ ಈಗಾಗಲೇ ಕೂತಿರುವ ತಂತ್ರಾಂಶ, ಹೊಸ ಆವೃತ್ತಿ ಬಂದಿದೆಯೇ ನೋಡಲು ಹಳೇ ಸೈಟಿನ ಒಂದು ಸಾಲಿನ ಪಠ್ಯ ಫೈಲನ್ನು ಕೇಳುತ್ತದೆ. ಅದಕ್ಕೀಗ ಸಿಗುವುದು ಇಡೀ ಮುಖಪುಟ, ಅದರ ಮೊದಲ ಸಾಲನ್ನೇ ಆವೃತ್ತಿಯ ಸಂಖ್ಯೆ ಎಂದು ನಂಬುತ್ತದೆ. ಮುಂದಿನ ಬಾರಿ ತೆರೆದಾಗ ಬಳಕೆದಾರರಿಗೆ ಕಾಣುವ ಶುಭಸುದ್ದಿ: "ನಿಮ್ಮಲ್ಲಿರುವುದು 4.2. ಹೊಸ ಆವೃತ್ತಿ <!ಡಾಕ್‌ಟೈಪ್ ಎಚ್‌ಟಿಎಂಎಲ್> ಲಭ್ಯವಿದೆ. ಈಗಲೇ ಹಾಕಿಕೊಳ್ಳುವಿರಾ?"

ಸರ್ವರ್ ಬದಲಿಸುವ ದಿನದ ವೈಭವ ಚಿಕ್ಕದು. ಸೈಟ್ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಸುವ ಡಿಎನ್‌ಎಸ್‌ನ ಉತ್ತರವನ್ನು ಜಗತ್ತು ನೆನಪಿಟ್ಟುಕೊಳ್ಳುವ ಅವಧಿ, ಅಂದರೆ ಟಿಟಿಎಲ್, 86400 ಸೆಕೆಂಡ್, ಒಂದು ಇಡೀ ದಿನ. ಒಂದು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ ಆಮೇಲೆ ಬದಲಿಸಬೇಕು. ನಮ್ಮವರು ಮೊದಲು ಬದಲಿಸಿ ಆಮೇಲೆ ಇಳಿಸುತ್ತಾರೆ. ಅರ್ಧ ಜಗತ್ತಿಗೆ ಹಳೇ ಸೈಟ್, ಅರ್ಧಕ್ಕೆ ಹೊಸದು. ಸೈಟಿನ ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ಸಾರುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಆಯಸ್ಸು ಹೆಚ್ಚೆಂದರೆ 90 ದಿನ. ಹಳೇ ಸರ್ವರ್‌ನಿಂದ ಅದನ್ನು ಎತ್ತಿ ತಂದರು, ಹೊತ್ತಿಗೆ ಸರಿಯಾಗಿ ತಾನೇ ನವೀಕರಿಸುವ ಕ್ರಾನ್ ಅಲ್ಲೇ ಉಳಿಯಿತು. ಡೊಮೇನ್ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಕೇಳಬೇಡಿ. ಅವರು ಯೋಜನೆ ಬಿಟ್ಟು ಎಷ್ಟೋ ವರ್ಷವಾಯಿತು.

ಅಂತೂ ಸೈಟ್ ಬಂತು. ಪರದೆ ತುಂಬ ಮೂಡುವ ಬಣ್ಣದ ಅಲೆ, ಅದರ ಮೇಲೆ "ಒಟ್ಟಾಗಿ ನಾಳೆಯನ್ನು ಕಟ್ಟೋಣ". ಇದು ಫೋಟೋ ತಿದ್ದುವ ತಂತ್ರಾಂಶವೋ ಲೆಕ್ಕಪತ್ರದ್ದೋ ಎಂಬುದು ಮೂರು ಬಾರಿ ಸ್ಕ್ರಾಲ್ ಮಾಡಿದರೂ ತಿಳಿಯದು. ಡೌನ್‌ಲೋಡ್ ಎಲ್ಲಿ ಎಂದರೆ ಮೂರು ಗೆರೆಯ ಮೆನುವಿನೊಳಗೆ 'ಸಂಪನ್ಮೂಲ', ಅದರೊಳಗೆ 'ಬಿಡುಗಡೆಗಳು', ಅಲ್ಲಿಂದ ಗಿಟ್‌ಹಬ್, ಅಲ್ಲಿ ಹದಿನಾಲ್ಕು ಫೈಲ್. ಯಾವುದು ನಿಮ್ಮದೆಂದು ನಿಮಗೆ ಗೊತ್ತಿರಬೇಕು. ಜೊತೆಗೆ ಇಳಿಸಿಕೊಂಡ ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡಲು ಷಾ-256 ಚೆಕ್‌ಸಮ್ ಇದೆ, #999999 ಬಣ್ಣದಲ್ಲಿ.

ಮುರಿದ ವಿಳಾಸಗಳ ದೆಸೆಯಿಂದ ಹುಡುಕಾಟದಲ್ಲೂ ಸೈಟ್ ಕೆಳಗಿಳಿದಿರುತ್ತದೆ. ಮೇಲೆ ಬಂದು ಕೂತಿರುವುದು ಅದೇ ಹೆಸರಿನ ನಕಲಿ ಡೌನ್‌ಲೋಡ್ ಸೈಟ್. ಅದರಲ್ಲಿ ಬಣ್ಣದ ಅಲೆಯಿಲ್ಲ, ಘೋಷವಾಕ್ಯವಿಲ್ಲ. ನಟ್ಟನಡುವೆ ಅಂಗೈಯಗಲದ ಹಸಿರು ಬಟನ್. ಒತ್ತಿದರೆ ತಂತ್ರಾಂಶವೂ ಬರುತ್ತದೆ, ಕೇಳದ ಎರಡು ಟೂಲ್‌ಬಾರ್ ಕೂಡ.