ಮೀನಿನ ಕೆರೆಗೆ ಜೀಪಿನಲ್ಲೇ ಹೋಗಬೇಕಾ?

ಪರ (ಭಾವ ಬರೆದದ್ದು)

ಮೊದಲೇ ಹೇಳಿಬಿಡುತ್ತೇನೆ, ಜೀಪ್ ನನ್ನದು. ನಾನು ಯಾವ ಕಡೆ ಅಂತ ಯಾರಿಗೂ ಡೌಟ್ ಬೇಡ.

ಪ್ಲಾನ್ ಇಷ್ಟೇ. ಹಿಮ ಕರಗಿದ ಮೇಲೆ ಕ್ಯಾಲಿಫೋರ್ನಿಯಾದ ಎಲ್ಡೊರಾಡೊ ನ್ಯಾಷನಲ್ ಫಾರೆಸ್ಟಿನಲ್ಲಿ ಲೂನ್ ಲೇಕ್ ಅಣೆಕಟ್ಟೆಯಿಂದ ರೂಬಿಕಾನ್ ಟ್ರೇಲ್ ಅನ್ನೋ ಬಂಡೆಗಳ ಜೀಪ್ ದಾರಿ ಹಿಡಿಯೋದು, ಬಕ್ ಐಲೆಂಡ್ ಲೇಕಿನ ದಂಡೆಯಲ್ಲಿ ಎರಡು ರಾತ್ರಿ ಟೆಂಟ್ ಹಾಕೋದು, ಟ್ರೌಟ್ ಮೀನು ಹಿಡಿಯೋದು. ನಡೆದೂ ಹೋಗಬಹುದು, ಕಾಲುದಾರಿ ಇದೆ. ಆದರೆ ಈ ಸಲ ನಮ್ಮ ಮಾವ ತೀರ್ಥಹಳ್ಳಿಯಿಂದ ಬಂದಿದ್ದಾರೆ. ತುಂಗೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದವರು, ಈಗ ಮಂಡಿ ನೋವು. ಅವರನ್ನು ಮೈಲಿಗಟ್ಟಲೆ ಬಂಡೆ ಮೇಲೆ ನಡೆಸೋಕಾಗುತ್ತಾ? ಕಾಡು ಗಟ್ಟಿ ಮಂಡಿಯವರಿಗೆ ಮಾತ್ರ ಅಂದರೆ ಅದು ಯಾವ ನ್ಯಾಯ?

ಇನ್ನು ತಯಾರಿ. ಫೋನಿನ ಸಿಗ್ನಲ್ ನಂಬೋ ಹಾಗಿಲ್ಲ, ಫಾರೆಸ್ಟ್ ಸರ್ವಿಸಿನವರು ಪುಕ್ಕಟೆ ಕೊಡುವ ವಾಹನ ದಾರಿಗಳ ನಕ್ಷೆ ಪ್ರಿಂಟ್ ಹಾಕಿಟ್ಟಿದ್ದೇನೆ. ಒಲೆ ಹಚ್ಚೋಕೂ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ದುಡ್ಡಿಲ್ಲ, ಆನ್‌ಲೈನಿನಲ್ಲೇ ಆಯ್ತು. 16 ದಾಟಿದ ಎಲ್ಲರಿಗೂ ಮೀನಿನ ಲೈಸೆನ್ಸ್ ಬೇಕು, ಹೊರಗಿಂದ ಬಂದವರಿಗೂ, ಮಾವನಿಗೂ ಮಾಡಿಸಿದೆ. ಒಂದೇ ಗಾಡಿಯಲ್ಲಿ ಹೋಗೋದು ಹುಚ್ಚುತನ, ಆಫೀಸಿನ ಗೆಳೆಯರ ಎರಡು ಗಾಡಿ ಜೊತೆಗೆ ಬರುತ್ತವೆ. ಟ್ರೇಲ್ ಶುರುವಾಗೋ ಕಡೆ ಟೈರಿನ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇವೆ. ಆಗ ರಬ್ಬರು ಅಗಲವಾಗಿ ಬಂಡೆಯನ್ನು ತಬ್ಬಿಕೊಂಡ ಹಾಗೆ ಹಿಡಿಯುತ್ತದೆ, ಒಬ್ಬರು ಮುಂದೆ ನಿಂತು ಕೈಯಲ್ಲೇ 'ಒಂದು ಗೇಣು ಎಡಕ್ಕೆ' ಅಂತ ತೋರಿಸುತ್ತಾರೆ, ಗಾಡಿ ಆಮೆ ಥರ ಏರುತ್ತದೆ. ಆ ಹತ್ತು ನಿಮಿಷದ ಮಜಾನೇ ಬೇರೆ.

ಕಾಡು ಕೆಡುತ್ತೆ ಅನ್ನೋರಿಗೆ ಒಂದು ಮಾತು. ಲೂನ್ ಲೇಕೂ ಬಕ್ ಐಲೆಂಡೂ ಕರೆಂಟಿಗಾಗಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ಇಲ್ಲಿನ ಸಿಯೆರಾ ಬೆಟ್ಟಸಾಲಿನ ಎತ್ತರದ ಕೆರೆಗಳಲ್ಲಿ ಬಹುಪಾಲಿಗೆ ಮೊದಲು ಮೀನೇ ಇರಲಿಲ್ಲ, ಮನುಷ್ಯರು ತಂದು ಬಿಟ್ಟಿದ್ದು. ಅದನ್ನು ಹಿಡಿಯೋಕೆ ಹೋಗುವಾಗ ಚಕ್ರದ ಮೇಲೆ ಮಾತ್ರ ಯಾಕೆ ಸಿಟ್ಟು?

ವಿರೋಧ (ಭಾಮೈದ ಬರೆದದ್ದು)

ಭಾವನ ಮೇಲೆ ಗೌರವ ಇದೆ. ಅವರ ಗಾಡಿಯ ಸ್ಪ್ರಿಂಗ್ ಮೇಲೆ ಇಲ್ಲ.

ಹೋದ ವರ್ಷ ಇದೇ ಟ್ರೇಲಿನ ಒಂದು ತುಂಡು ಅವರ ಜೊತೆ ಹೋಗಿ ಬಂದೆ. ಹಿಂದಿನ ಸೀಟಿನಲ್ಲಿ ಕೂತವನಿಗೆ ಆಮೆ ಗೀಮೆ ಏನೂ ಕಾಣಲ್ಲ, ತಲೆ ಕಂಬಿಗೆ ಬಡಿಯೋದು ಮಾತ್ರ ಗೊತ್ತಾಗುತ್ತದೆ. ಪುಳಿಯೋಗರೆ ಗೊಜ್ಜಿನ ಬಾಟಲಿ ಕೂಲರಿನೊಳಗೆ ಒಡೆದು ಐಸೆಲ್ಲಾ ಕಂದು ಬಣ್ಣ. ಪೂರ್ತಿ ಟ್ರೇಲ್ 22 ಮೈಲಿ, ಅಷ್ಟಕ್ಕೆ ಜನ ಎರಡು ಮೂರು ದಿನ ತಗೊಳ್ಳುತ್ತಾರೆ. ಅಂದರೆ ನಡೆಯೋದಕ್ಕಿಂತ ನಿಧಾನ. ಅಪ್ಪನ ಮಂಡಿಯ ಚಿಂತೆ ಮಾಡುವ ಭಾವನಿಗೆ ಅಪ್ಪನ ಸೊಂಟ ನೆನಪಿಲ್ವಾ?

ಅವರು ಮೆಲ್ಲಗೆ ದಾಟಿಸಿದ ವಿಷಯ ಒಂದಿದೆ. ಲೂನ್ ಲೇಕಿನವರೆಗೂ ಡಾಂಬರು ರಸ್ತೆ ಇದೆ! ನನ್ನ ಹಳೇ ಕಾರೂ ಹೋಗುತ್ತದೆ. ಅಲ್ಲೂ ಟ್ರೌಟ್ ಇದೆ, ಕ್ಯಾಂಪ್‌ಗ್ರೌಂಡ್ ಇದೆ, ಅಪ್ಪ ಮಡಚುವ ಕುರ್ಚಿ ಹಾಕಿಕೊಂಡು ಗಾಳ ಬಿಡಬಹುದು. ಹಾಗಿದ್ದಮೇಲೆ ಬಂಡೆ ಹತ್ತೋದು ಯಾರಿಗಾಗಿ? ಮೀನಿಗಾಗಿಯಂತೂ ಅಲ್ಲ, ಅಪ್ಪನಿಗಾಗಿಯೂ ಅಲ್ಲ. ಜೀಪಿನ ಆಸೆಗೆ ಮೀನು ಒಂದು ನೆಪ. ಆಸೆ ತಪ್ಪಲ್ಲ, ಸುಮ್ನೆ ಒಪ್ಪಿಕೊಳ್ಳಲಿ.

ಕೆರೆ ಮನುಷ್ಯ ಕಟ್ಟಿದ್ದು, ಸರಿ. ಅಂತ ಅದಕ್ಕೆ ಆಯಿಲ್ ಬಿಡಬಹುದಾ? ಬಂಡೆಗೆ ತಳ ಬಡಿದು ಗಾಡಿ ಸೋರಿದರೆ ಅದು ಇಳಿಯೋದು ನೀರಿಗೇ. ಅದೇ ದಾರಿಯ ಸ್ಪೈಡರ್ ಲೇಕಿನ ಸುತ್ತ ಜನ ಎಲ್ಲೆಂದರಲ್ಲಿ ಕೂತು ಗಲೀಜು ಮಾಡಿದ್ದಕ್ಕೆ 2004ರಲ್ಲಿ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಆ ಜಾಗವನ್ನೇ ಮುಚ್ಚಿದ್ದರು. 2009ರಲ್ಲಿ ನೀರಿನ ಮಂಡಳಿ ಕೌಂಟಿಗೂ ಫಾರೆಸ್ಟಿನವರಿಗೂ ಟ್ರೇಲನ್ನು ಸರಿಮಾಡಿ ಅಂತ ಆದೇಶ ಕೊಟ್ಟಿತು. ಆಮೇಲೆ ಎಷ್ಟೋ ಸುಧಾರಿಸಿದೆ, ಜೀಪಿನವರೇ ಕೈಹಾಕಿ ಕೆಲಸ ಮಾಡಿದ್ದಾರೆ, ಅದು ಸುಳ್ಳಲ್ಲ. ಆದರೆ ಭಾವನ ಅಷ್ಟುದ್ದದ ತಯಾರಿಯಲ್ಲಿ ಆಯಿಲ್ ಹೀರುವ ಕಿಟ್ ಎಲ್ಲಿ? ಮಲ ತುಂಬಿ ವಾಪಸ್ ತರುವ ಚೀಲ ಎಲ್ಲಿ? ಲೈಸೆನ್ಸು, ನಕ್ಷೆ, ಟೈರಿನ ಗಾಳಿ ಎಲ್ಲಾ ಬಂತು, ಇದೊಂದು ಬರಲಿಲ್ಲ.

ನಿನ್ನೆ ಅಪ್ಪನನ್ನೇ ಕೇಳಿದೆ. ಕಾಫಿ ಲೋಟ ಕೆಳಗಿಟ್ಟು, 'ಅಲ್ಲಿ ಎರೆಹುಳ ಸಿಗುತ್ತೇನೋ?' ಅಂದರು.